ಅನ್ನನಾಳದ ಕ್ಯಾನ್ಸರ್: ಔಷಧ ಪ್ರಯೋಗಕ್ಕೆ ‘ಹೂಂ’ ಅನ್ನುವ ಮೊದಲು

ಹುಬ್ಬಳ್ಳಿಗೋ ಮಣಿಪಾಲಕ್ಕೋ ಬೆಂಗಳೂರಿಗೋ ಹೋಗಿ ಅನ್ನನಾಳದ ಕ್ಯಾನ್ಸರ್ ಎಂದು ಖಚಿತವಾಗಿ ಮರಳಿದವರ ಚೀಲದಲ್ಲಿ ಸ್ಕ್ಯಾನಿನ ಫಿಲ್ಮು, ಬಯಾಪ್ಸಿ ವರದಿಗಳ ಜೊತೆ ಒಮ್ಮೊಮ್ಮೆ ಇನ್ನೊಂದು ಕಾಗದದ ಕಟ್ಟು ಇರುತ್ತದೆ. ಹತ್ತಿಪ್ಪತ್ತು ಪುಟ. ಮೇಲೆ ‘ಭಾಗವಹಿಸುವವರಿಗೆ ಮಾಹಿತಿ ಪತ್ರ’ ಎಂದೂ ಕೊನೆಯಲ್ಲಿ ‘ಒಪ್ಪಿಗೆ ಪತ್ರ’ ಎಂದೂ ಬರೆದಿರುತ್ತದೆ. ಇಮ್ಯುನೊಥೆರಪಿ ಔಷಧವೊಂದರ ಕ್ಲಿನಿಕಲ್ ಟ್ರಯಲ್‌ಗೆ ಸೇರುತ್ತೀರಾ ಎಂದು ಡಾಕ್ಟರು ಕೇಳಿದ್ದಾರೆ. ಮನೆಗೆ ಹೋಗಿ ಓದಿ, ವಿಚಾರ ಮಾಡಿ ಬನ್ನಿ ಎಂದಿದ್ದಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳ ಜಗಲಿಯಲ್ಲಿ ಆ ಕಟ್ಟು ಬಿಚ್ಚಿಕೊಂಡಾಗ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ‘ನಮ್ಮ ಮೇಲೆ ಪ್ರಯೋಗ ಮಾಡ್ತಾರೆ, ಬೇಡ’ ಎಂಬುದೊಂದು. ‘ಲಕ್ಷಗಟ್ಟಲೆ ಬೆಲೆಯ ಔಷಧ ಪುಕ್ಕಟೆ ಸಿಗ್ತದೆ, ಬಿಡಬೇಡಿ’ ಎಂಬುದು ಇನ್ನೊಂದು. ಎರಡನ್ನೂ ಗಟ್ಟಿಯಾಗಿ ಹೇಳುವವರು ಆ ಪುಟಗಳನ್ನು ಓದಿರುವುದು ಕಡಿಮೆ.

ಮೊದಲು ಕಾಯಿಲೆಯ ವಿಷಯ. ಗಂಟಲಿನಿಂದ ಹೊಟ್ಟೆಯವರೆಗೆ ಇಳಿಯುವ, ಸುಮಾರು 25 ಸೆಂಟಿಮೀಟರ್ ಉದ್ದದ ಮೆತ್ತನೆಯ ಕೊಳವೆ ಅನ್ನನಾಳ. ಅದರ ಒಳಗೋಡೆಯಲ್ಲಿ ಗಡ್ಡೆ ಬೆಳೆದರೆ ಮೊದಲು ಸಿಕ್ಕಿಕೊಳ್ಳುವುದು ದೋಸೆ, ರೊಟ್ಟಿಯಂಥ ಗಟ್ಟಿ ಪದಾರ್ಥ. ಆಮೇಲೆ ಅನ್ನ. ‘ಅನ್ನ ಇಳೀತಿಲ್ಲೆ’ ಎಂದು ಮನೆಯ ಹಿರಿಯರು ಗಂಜಿ, ತಂಬುಳಿಗೆ ಇಳಿಯುವ ಹೊತ್ತಿಗೆ ತಿಂಗಳುಗಳೇ ಕಳೆದು, ತೂಕ ಇಳಿದು, ಗ್ಯಾಸ್ಟ್ರಿಕ್ ಮಾತ್ರೆಯ ಹಲವು ಪಟ್ಟಿ ಖಾಲಿಯಾಗಿರುತ್ತವೆ. ಕೊಳವೆ ಹಿಗ್ಗುವ ಗುಣದ್ದಾದ್ದರಿಂದ ದಾರಿ ಸಾಕಷ್ಟು ಕಟ್ಟಿಕೊಳ್ಳುವವರೆಗೆ ತೊಂದರೆ ಗೊತ್ತಾಗುವುದಿಲ್ಲ. ನಮ್ಮಲ್ಲಿ ಈ ಕಾಯಿಲೆ ಬಹಳ ಸಲ ತಡವಾಗಿ ಪತ್ತೆಯಾಗುವುದಕ್ಕೆ ಇದೇ ದೊಡ್ಡ ಕಾರಣ.

ಭಾರತದಲ್ಲಿ ಹೆಚ್ಚು ಕಾಣುವುದು ‘ಸ್ಕ್ವಾಮಸ್ ಸೆಲ್’ ಎಂಬ ಬಗೆ. ಬೀಡಿ, ಸಿಗರೇಟು, ಮದ್ಯ, ಹೊಗೆಸೊಪ್ಪು ಅದರ ಮುಖ್ಯ ಕಾರಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೊಗೆಸೊಪ್ಪು ಸೇರಿಸದ ಎಲೆಯಡಿಕೆಯ ಕವಳವನ್ನೂ ಬಾಯಿ ಮತ್ತು ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಪಟ್ಟಿಯಲ್ಲಿಟ್ಟಿದೆ. ಅಡಿಕೆಯ ಮೇಲೆಯೇ ಸಾಲ, ಮದುವೆ, ಮಕ್ಕಳ ಓದು ಎಲ್ಲ ನಿಂತಿರುವ ಸೀಮೆಯಲ್ಲಿ ಇದನ್ನು ಬರೆಯುವುದು ಸುಲಭವಲ್ಲ. ಆ ವರ್ಗೀಕರಣದ ಬಗ್ಗೆ ಬೆಳೆಗಾರರ ತಕರಾರು ಏನೆಂಬುದೂ ಗೊತ್ತಿದೆ. ಆ ಜಗಳ ಏನೇ ಇರಲಿ, ಡಾಕ್ಟರು ‘ಕವಳ ಹಾಕ್ತೀರಾ, ಎಷ್ಟು ವರ್ಷದಿಂದ’ ಎಂದು ಕೇಳಿದಾಗ ಮುಚ್ಚಿಡಬಾರದು.

ಇನ್ನು ಇಮ್ಯುನೊಥೆರಪಿ. ಕೀಮೊಥೆರಪಿ ಗಡ್ಡೆಯ ಮೇಲೆ ನೇರವಾಗಿ ಬೀಳುವ ಔಷಧ. ಇಮ್ಯುನೊಥೆರಪಿ ಹಾಗೆ ನೇರವಾಗಿ ಬೀಳುವುದಿಲ್ಲ. ನಮ್ಮ ರಕ್ತದಲ್ಲೇ ಇರುವ ಟಿ ಕಣಗಳೆಂಬ ಕಾವಲು ಕಣಗಳ ಮೇಲೆ ಕೆಲಸ ಮಾಡುತ್ತದೆ. ಕಾವಲು ಕಣ ಅತಿರೇಕಕ್ಕೆ ಹೋಗದಂತೆ ತಡೆಯಲು ಅದರ ಮೈಮೇಲೆ ‘ಪಿಡಿ-1’ ಎಂಬ ತಡೆಗುಂಡಿಯಿದೆ. ಕ್ಯಾನ್ಸರ್ ಕಣ ‘ಪಿಡಿ-ಎಲ್1’ ಎಂಬ ಪ್ರೋಟೀನನ್ನು ಹೊರಚಾಚಿ ಆ ಗುಂಡಿ ಒತ್ತಿಬಿಡುತ್ತದೆ, ಕಾವಲು ಕಣ ಸುಮ್ಮನಾಗುತ್ತದೆ. ತೋಟಕ್ಕೆ ಹಂದಿ ನುಗ್ಗಿದರೂ ಸರಪಳಿಯಲ್ಲಿರುವ ನಾಯಿ ಬೊಗಳಬಹುದು ಅಷ್ಟೆ. ಪೆಂಬ್ರೊಲಿಜುಮ್ಯಾಬ್, ನಿವೊಲುಮ್ಯಾಬ್ ಮುಂತಾದ ಔಷಧಗಳು ಆ ಸರಪಳಿ ಬಿಚ್ಚುತ್ತವೆ. ಬಿಚ್ಚಿದ ನಾಯಿ ಹಂದಿಯನ್ನು ಮಾತ್ರ ಅಟ್ಟೀತು ಎಂಬ ಖಾತ್ರಿಯಿಲ್ಲ, ಕೊಟ್ಟಿಗೆಯ ಕರುವಿಗೂ ಬಾಯಿ ಹಾಕೀತು. ಈ ಔಷಧಗಳ ಗುಣ, ದೋಷ ಎರಡೂ ಅಲ್ಲಿಯೇ ಇವೆ. ಇಂಥ ತಡೆಗಳ ಗುಟ್ಟನ್ನು ಬಿಡಿಸಿದ ಅಮೆರಿಕದ ಜೇಮ್ಸ್ ಆಲಿಸನ್, ಜಪಾನಿನ ತಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು.

ಕೆಲಸ ಮಾಡುತ್ತದೆಯೇ? ಮಾಡುತ್ತದೆ, ಆದರೆ ವಾಟ್ಸ್‌ಆ್ಯಪಿನಲ್ಲಿ ಹರಿದಾಡುವಷ್ಟು ಅಲ್ಲ. ಹರಡಿದ ಅಥವಾ ಶಸ್ತ್ರಕ್ರಿಯೆಗೆ ಮೀರಿದ ಅನ್ನನಾಳದ ಕ್ಯಾನ್ಸರಿನ 749 ರೋಗಿಗಳ ಮೇಲೆ ನಡೆದ ‘ಕೀನೋಟ್-590’ ಪ್ರಯೋಗದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಕೀಮೊ ಮಾತ್ರ ಪಡೆದವರಲ್ಲಿ ಅರ್ಧದಷ್ಟು ಜನ 9.8 ತಿಂಗಳು ದಾಟಿದರೆ, ಕೀಮೊ ಜೊತೆ ಪೆಂಬ್ರೊಲಿಜುಮ್ಯಾಬ್ ಪಡೆದವರಲ್ಲಿ ಅರ್ಧದಷ್ಟು ಜನ 12.4 ತಿಂಗಳು ದಾಟಿದರು. ಎರಡೂವರೆ ತಿಂಗಳ ವ್ಯತ್ಯಾಸ. ಆದರೆ ಇದು ನಡುಮಧ್ಯದ ಲೆಕ್ಕ. ಐದು ವರ್ಷದ ನಂತರ ನೋಡಿದಾಗ ಕೀಮೊ ಗುಂಪಿನಲ್ಲಿ ನೂರಕ್ಕೆ ಮೂವರು ಬದುಕಿದ್ದರೆ ಹೊಸ ಔಷಧದ ಗುಂಪಿನಲ್ಲಿ ಹತ್ತಕ್ಕೂ ತುಸು ಹೆಚ್ಚು ಜನ ಇದ್ದರು. ಅಂದರೆ ಹೆಚ್ಚಿನವರಿಗೆ ಸ್ವಲ್ಪ ಸಮಯ, ಕೆಲವರಿಗೆ ಬಹಳ ಸಮಯ. ಆ ಕೆಲವರು ಯಾರು ಎಂದು ಮೊದಲೇ ಹೇಳುವ ಪಕ್ಕಾ ಪರೀಕ್ಷೆ ಇನ್ನೂ ಇಲ್ಲ. ಗಡ್ಡೆಯ ತುಣುಕಿನಲ್ಲಿ ಪಿಡಿ-ಎಲ್1 ಎಷ್ಟಿದೆ ಎಂದು ಅಳೆದು ಒಂದು ಅಂದಾಜು ಮಾಡಬಹುದು.

ಇನ್ನೊಂದು ಉದಾಹರಣೆ ತಾಳ್ಮೆ ಕಲಿಸುವಂಥದ್ದು. ಕೀಮೊ-ವಿಕಿರಣ ಮುಗಿಸಿ ಆಪರೇಷನ್ ಮಾಡಿಸಿಕೊಂಡರೂ ತೆಗೆದ ಭಾಗದಲ್ಲಿ ಕ್ಯಾನ್ಸರಿನ ಅಂಶ ಉಳಿದಿದ್ದ 794 ಜನರಿಗೆ ‘ಚೆಕ್‌ಮೇಟ್-577’ ಪ್ರಯೋಗದಲ್ಲಿ ಒಂದು ವರ್ಷ ನಿವೊಲುಮ್ಯಾಬ್ ಅಥವಾ ಔಷಧವಿಲ್ಲದ ಡ್ರಿಪ್ ಕೊಟ್ಟರು. ಕಾಯಿಲೆ ಮರುಕಳಿಸದೆ ಇದ್ದ ಅವಧಿ 11 ತಿಂಗಳಿಂದ 22.4 ತಿಂಗಳಿಗೆ, ಅಂದರೆ ದುಪ್ಪಟ್ಟಾಯಿತು. 2021ರಲ್ಲಿ ಅದು ದೊಡ್ಡ ಸುದ್ದಿ. ಆದರೆ 2025ರಲ್ಲಿ ಒಟ್ಟು ಆಯುಸ್ಸಿನ ಲೆಕ್ಕ ಬಂದಾಗ ಹೊಸ ಔಷಧದ ಕಡೆ ಅಂಕಿ ಹೆಚ್ಚಿದ್ದರೂ ವ್ಯತ್ಯಾಸ ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನ ಅಳತೆ ದಾಟಲಿಲ್ಲ. ಪ್ರಯೋಗಕ್ಕೆ ಸೇರುವವರು ಇಂಥ ಉತ್ತರ ಇನ್ನೂ ಬಾರದ ಪ್ರಶ್ನೆಯೊಂದಕ್ಕೆ ಕೈಜೋಡಿಸುತ್ತಾರೆ. ‘ಹೊಸದೇ ಹೆಚ್ಚು ಒಳ್ಳೆಯದು’ ಎಂದು ಮೊದಲೇ ಗೊತ್ತಿದ್ದರೆ ಪ್ರಯೋಗದ ಅಗತ್ಯವೇ ಬೀಳುತ್ತಿರಲಿಲ್ಲ.

ಯಾರಿಗೆ ಹೊಸ ಔಷಧ, ಯಾರಿಗೆ ಹಳೆಯ ಚಿಕಿತ್ಸೆ ಎಂಬುದನ್ನು ಹೆಚ್ಚಿನ ದೊಡ್ಡ ಪ್ರಯೋಗಗಳಲ್ಲಿ ಕಂಪ್ಯೂಟರು ಚೀಟಿ ಎತ್ತಿದಂತೆ ತೀರ್ಮಾನಿಸುತ್ತದೆ. ನಿಮ್ಮ ಡಾಕ್ಟರಿಗೂ ಅದರಲ್ಲಿ ಕೈಯಿಲ್ಲ. ಪರಿಚಯ, ಶಿಫಾರಸು ಯಾವುದೂ ನಡೆಯದು. ಹಾಗಾಗಿ ಕೇಳಲೇಬೇಕಾದ ಮೊದಲ ಪ್ರಶ್ನೆ: ಹೋಲಿಕೆಯ ಗುಂಪಿಗೆ ಏನು ಕೊಡುತ್ತೀರಿ? ಪ್ರಯೋಗದ ಹೊರಗೆ ಇದೇ ಆಸ್ಪತ್ರೆಯಲ್ಲಿ ನಮಗೆ ಸಿಗುತ್ತಿದ್ದ ಚಿಕಿತ್ಸೆಗಿಂತ ಅದು ಕಡಿಮೆಯಾಗಿರಬಾರದು. ಎರಡನೆಯದು: ಈಗ ನಮಗೆ ಗುಣವಾಗುವ ದಾರಿ ತೆರೆದಿದೆಯೇ? ಹರಡದ ಕಾಯಿಲೆಗೆ ಐದು ವಾರದ ಕೀಮೊ-ವಿಕಿರಣ, ಆಮೇಲೆ ಆಪರೇಷನ್ ಎಂಬ ಕ್ರಮ 2012ರಲ್ಲಿ ನೆದರ್‌ಲೆಂಡ್ಸಿನ ‘ಕ್ರಾಸ್’ ಪ್ರಯೋಗದಿಂದ ಗಟ್ಟಿಯಾಯಿತು. ಆಪರೇಷನ್ ಮಾತ್ರ ಮಾಡಿಸಿಕೊಂಡವರಲ್ಲಿ 24 ತಿಂಗಳಿದ್ದ ನಡುಮಧ್ಯದ ಆಯುಸ್ಸು ಆ ಕ್ರಮದಲ್ಲಿ 49.4 ತಿಂಗಳಾಯಿತು. ಅಂಥ ಅವಕಾಶ ಇರುವವರು ಪ್ರಯೋಗದ ಪೂರ್ವಪರೀಕ್ಷೆಗಳಿಗಾಗಿ ಚಿಕಿತ್ಸೆ ಎಷ್ಟು ದಿನ ಮುಂದೆ ಹೋಗುತ್ತದೆ ಎಂದು ಕೇಳಿ ತಿಳಿದುಕೊಳ್ಳಲೇಬೇಕು.

‘ನಮ್ಮ ಮೇಲೆ ಪ್ರಯೋಗ’ ಎಂಬ ಅಂಜಿಕೆಯನ್ನು ಅಜ್ಞಾನ ಎಂದು ತಳ್ಳಿಹಾಕುವುದು ತಪ್ಪು. 2009-10ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕಂಠ ಕ್ಯಾನ್ಸರ್ ತಡೆಯುವ ಲಸಿಕೆಯ ಅಧ್ಯಯನ ನಡೆದಾಗ ಹಾಸ್ಟೆಲಿನಲ್ಲಿದ್ದ ಬುಡಕಟ್ಟು ಹುಡುಗಿಯರ ಎಷ್ಟೋ ಒಪ್ಪಿಗೆ ಪತ್ರಗಳಿಗೆ ಹೆತ್ತವರ ಬದಲು ವಾರ್ಡನ್‌ಗಳು ಸಹಿ ಹಾಕಿದ್ದರು. ಅಧ್ಯಯನ ನಿಂತಿತು, ಸಂಸದೀಯ ಸಮಿತಿ ಕಟುವಾಗಿ ಬರೆಯಿತು. ಔಷಧ ಪ್ರಯೋಗಗಳ ಕುರಿತು ‘ಸ್ವಾಸ್ಥ್ಯ ಅಧಿಕಾರ ಮಂಚ್’ ಎಂಬ ಸಂಘಟನೆ ಹೂಡಿದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಇಷ್ಟೆಲ್ಲ ಪೆಟ್ಟು ತಿಂದ ಮೇಲೆ ಬಂದದ್ದು 2019ರ ಮಾರ್ಚಿನ ‘ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು’. ಅದರ ಪ್ರಕಾರ ಪ್ರತಿ ಪ್ರಯೋಗಕ್ಕೂ ನೋಂದಾಯಿತ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಸಮಿತಿಯಲ್ಲಿ ಕನಿಷ್ಠ ಏಳು ಜನ, ಅವರಲ್ಲಿ ಕಾನೂನು ಬಲ್ಲವರು, ಒಬ್ಬ ಸಾಮಾನ್ಯ ನಾಗರಿಕ, ಒಬ್ಬ ಮಹಿಳೆಯಾದರೂ ಇರಬೇಕು, ಅರ್ಧದಷ್ಟು ಸದಸ್ಯರು ಆ ಆಸ್ಪತ್ರೆಯ ಹೊರಗಿನವರಾಗಿರಬೇಕು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ. ಗಂಭೀರ ತೊಂದರೆ ಗೊತ್ತಾದ 24 ಗಂಟೆಯೊಳಗೆ ಡಾಕ್ಟರು ವರದಿ ಕಳಿಸಬೇಕು. ಕ್ಯಾನ್ಸರ್ ತಾನಾಗಿ ಬೆಳೆದು ಆದ ಸಾವು ಪರಿಹಾರಕ್ಕೆ ಬರುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಇದರ ಬಗ್ಗೆ ಆಮೇಲೆ ಜಗಳಗಳಾಗುವುದುಂಟು.

ಈಗ ಒಪ್ಪಿಗೆ ಪತ್ರದ ಕೊನೆಯ ಹಾಳೆಯನ್ನೇ ತೆಗೆಯೋಣ. ಹೆಸರು, ವಯಸ್ಸು, ವಿಳಾಸದ ಕೆಳಗೆ ಓದು, ಉದ್ಯೋಗ, ವಾರ್ಷಿಕ ಆದಾಯ ಕೇಳುತ್ತಾರೆ. ಆದಾಯ ಬರೆದರೆ ರೇಷನ್ ಕಾರ್ಡಿಗೆ ಕುತ್ತು ಬಂದೀತು ಎಂದು ಹೆದರಬೇಕಾಗಿಲ್ಲ, ಆ ಹಾಳೆ ಆಹಾರ ಇಲಾಖೆಗೆ ಹೋಗುವುದಿಲ್ಲ. ಅದರ ಕೆಳಗೆ ನಾಮಿನಿಯ ಹೆಸರು, ಸಂಬಂಧ. ಇದನ್ನು ಕಂಡೊಡನೆ ‘ಹಾಗಾದರೆ ಸಾಯ್ತಾರೆ ಅಂತಲೇ ಲೆಕ್ಕ ಹಾಕಿದಾರೆ’ ಎಂದು ಎದೆ ಧಸಕ್ಕೆನ್ನುವುದು ಸಹಜ. ಪ್ರಯೋಗದಿಂದ ಸಾವಾದರೆ ಪರಿಹಾರ ಯಾರಿಗೆ ಸೇರಬೇಕು ಎಂಬುದಕ್ಕಾಗಿ ನಿಯಮವೇ ಇಟ್ಟಿರುವ ಜಾಗ ಅದು. ಖಾಲಿ ಬಿಟ್ಟರೆ ಮುಂದೆ ಓಡಾಟ ನಿಮ್ಮ ಮನೆಯವರದೇ. ಅಲ್ಲೇ ನೈತಿಕ ಸಮಿತಿಯ ಫೋನ್ ನಂಬರೂ ಇರುತ್ತದೆ. ಅದನ್ನು ಡಾಕ್ಟರ ನಂಬರಿನ ಜೊತೆ ಮೊಬೈಲಿನಲ್ಲಿ ಹಾಕಿಟ್ಟುಕೊಳ್ಳಿ. ಸಹಿಯಾದ ಪತ್ರದ ಒಂದು ಪ್ರತಿ ನಿಮ್ಮ ಹಕ್ಕು. ಕೇಳದಿದ್ದರೂ ಕೊಡಬೇಕು, ಕೊಡದಿದ್ದರೆ ಕೇಳಿ.

ಪತ್ರ ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕು ಎನ್ನುತ್ತದೆ ನಿಯಮ. ಕನ್ನಡದಲ್ಲಿ ಕೊಟ್ಟರೆ ಮುಗಿಯಿತೇ? ಯಲ್ಲಾಪುರದ ಕಾಡಂಚಿನ ಸಿದ್ದಿಗಳ ಮನೆಮಾತು ಅವರದೇ ಬಗೆಯ ಕೊಂಕಣಿ; ಗೌಳಿಗಳದು ಮರಾಠಿಯ ಒಂದು ರೂಪ. ಓದಲು ಬಾರದವರಿಗೆ ಓದಿ ಹೇಳಬೇಕು, ಆಗ ಆಸ್ಪತ್ರೆಗೂ ಕಂಪನಿಗೂ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಪೂರ್ತಿ ಹೊತ್ತು ಅಲ್ಲಿರಬೇಕು, ಹೆಬ್ಬೆಟ್ಟಿನ ಪಕ್ಕ ಅವರೂ ಸಹಿ ಮಾಡಬೇಕು. ಇಂಗ್ಲಿಷ್ ಕರಡಿನಿಂದ ಇಳಿಸಿದ ಕನ್ನಡ ಪತ್ರಗಳನ್ನು ಓದಿದವರಿಗೆ ಗೊತ್ತು, ಕನ್ನಡಿಗರಿಗೂ ಅವು ಅರ್ಥವಾಗಲು ಒಬ್ಬರು ಕುಳಿತು ಬಿಡಿಸಿ ಹೇಳಬೇಕಾಗುತ್ತದೆ.

ಇದಕ್ಕಿಂತ ದೊಡ್ಡ ತೊಡಕು ನಮ್ಮ ಮನೆಗಳದ್ದೇ. ‘ಅಪ್ಪಯ್ಯಂಗೆ ಹೇಳಿದ್ದಿಲ್ಲೆ’ ಎಂದು ಮಗ ಡಾಕ್ಟರ ಕೋಣೆಯ ಹೊರಗೆ ಪಿಸುಗುಡುತ್ತಾನೆ. ಹೊಟ್ಟೆಯ ಹುಣ್ಣು ಎಂದು ಹೇಳಿ ಕರೆತಂದಿರುತ್ತಾರೆ. ಎದೆಗುಂದಬಾರದು ಎಂಬ ಪ್ರೀತಿಯೇ ಅದರ ಹಿಂದಿದ್ದರೂ ಪ್ರಯೋಗದಲ್ಲಿ ಈ ಮುಚ್ಚುಮರೆ ನಡೆಯುವುದಿಲ್ಲ. ಬುದ್ಧಿ ಸ್ಥಿಮಿತದಲ್ಲಿರುವ ರೋಗಿಯ ಬದಲು ಮಗನ ಸಹಿ, ಗಂಡನ ಸಹಿ ಸಲ್ಲದು. ತನಗೇನಾಗಿದೆ ಎಂದು ಗೊತ್ತಿಲ್ಲದವರು ಏನಕ್ಕೆ ಒಪ್ಪಿದಂತಾಯಿತು? ಹಾಗೆ ನೋಡಿದರೆ ಊಟ ಇಳಿಯದೆ, ತೂಕ ಇಳಿದು, ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಯ ಬೋರ್ಡಿನ ಕೆಳಗೇ ನಡೆದುಹೋದ ಮನುಷ್ಯನಿಗೆ ಗೊತ್ತಾಗಿಲ್ಲ ಎಂದು ನಂಬುವುದು ಮನೆಯವರ ಸಮಾಧಾನಕ್ಕೆ ಮಾತ್ರ. ಪ್ರಯೋಗಕ್ಕೆ ಸೇರಿ, ಬಿಡಿ. ಮೊದಲು ರೋಗಿಗೆ ಹೇಳಿ.

ಮತ್ತೆ ದಾರಿಯ ಮಾತು. ಡ್ರಿಪ್ ಏರಿಸಲು ಅರ್ಧ ಗಂಟೆ ಸಾಕು. ಅದಕ್ಕೆ ಮೊದಲು ರಕ್ತ ಕೊಟ್ಟು ವರದಿಗೆ ಕಾಯುವುದರಲ್ಲೇ ದಿನ ಹೋಗುತ್ತದೆ. ಔಷಧಕ್ಕೆ ತಕ್ಕಂತೆ ಎರಡು, ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ, ಒಂದರಿಂದ ಎರಡು ವರ್ಷ. ಯಲ್ಲಾಪುರದವರಿಗೆ ಹುಬ್ಬಳ್ಳಿ ಸುಮಾರು 70 ಕಿಲೊಮೀಟರ್, ಶಿರಸಿಯವರಿಗೆ ನೂರು, ಸಿದ್ದಾಪುರದವರಿಗೆ ಇನ್ನೂ ಹೆಚ್ಚು. ಪ್ರಯೋಗ ಬೆಂಗಳೂರಿನಲ್ಲಿದ್ದರೆ ಶಿರಸಿಯಿಂದ ನಾನೂರು. ಮಣಿಪಾಲ ಎಂದರೆ ಘಟ್ಟ ಇಳಿಯಬೇಕು, ಮಳೆಗಾಲದಲ್ಲಿ ಘಟ್ಟದ ರಸ್ತೆ ಯಾವತ್ತು ಮುಚ್ಚುತ್ತದೆ ಎಂದು ಹೇಳುವವರಿಲ್ಲ. ಕೊನೆಕೊಯ್ಲಿನ ಹೊತ್ತಿಗೆ ರೋಗಿಯ ಜೊತೆ ಹೋಗಬೇಕಾದವನೇ ಅಡಿಕೆ ಚಪ್ಪರದಲ್ಲಿ ಬೇಕಾಗುತ್ತಾನೆ. ದಿನ ತಪ್ಪಿದರೆ ಏನಾಗುತ್ತದೆ, ಎಷ್ಟು ದಿನದ ರಿಯಾಯಿತಿ ಇದೆ, ನಡುವಿನ ರಕ್ತಪರೀಕ್ಷೆ ಶಿರಸಿಯಲ್ಲೇ ಮಾಡಿಸಬಹುದೇ, ಪ್ರಯಾಣದ ಖರ್ಚು ಕೊಡುತ್ತಾರೆಯೇ, ಇವೆಲ್ಲ ಸಹಿಗೆ ಮೊದಲು ಕೇಳುವ ಮಾತುಗಳು. ಪ್ರಯೋಗದ ಔಷಧ ಉಚಿತ ಎಂದ ಮೇಲೆ ಸ್ಕ್ಯಾನು, ಎಂಡೊಸ್ಕೋಪಿ, ಜೊತೆಗಿನ ಕೀಮೊ ಕೂಡ ಉಚಿತವೋ, ಅವು ಆಯುಷ್ಮಾನ್ ಅಥವಾ ಯಶಸ್ವಿನಿ ಕಾರ್ಡಿನ ಮೇಲೋ, ಕೈಯಿಂದಲೋ ಎಂಬುದನ್ನು ಬರಹದಲ್ಲಿ ನೋಡಿಕೊಳ್ಳಿ. ಪ್ರಯೋಗ ಮುಗಿದ ಮೇಲೂ ಔಷಧದಿಂದ ಗುಣ ಕಾಣುತ್ತಿದ್ದರೆ ಮುಂದುವರಿಸುತ್ತಾರೆಯೇ? ಬೇರೆ ಚಿಕಿತ್ಸೆಯಿಲ್ಲದಿದ್ದರೆ, ಡಾಕ್ಟರು ಶಿಫಾರಸು ಮಾಡಿ ನೈತಿಕ ಸಮಿತಿ ಒಪ್ಪಿದರೆ, ಉಚಿತವಾಗಿ ಕೊಡುವುದಕ್ಕೆ 2019ರ ನಿಯಮದಲ್ಲಿ ಅವಕಾಶವಿದೆ.

ಎಲ್ಲಕ್ಕಿಂತ ನನಗೆ ಚಿಂತೆಯೆನಿಸುವುದು ರಾತ್ರಿ ಹತ್ತು ಗಂಟೆಯ ಭೇದಿ. ಕಾವಲು ಕಣಗಳು ಸರಪಳಿ ಬಿಚ್ಚಿಕೊಂಡು ಕರುಳಿನ ಮೇಲೆ ಬಿದ್ದರೆ ಭೇದಿ, ಶ್ವಾಸಕೋಶದ ಮೇಲೆ ಬಿದ್ದರೆ ಒಣಕೆಮ್ಮು ಮತ್ತು ಏದುಸಿರು, ಥೈರಾಯ್ಡಿನ ಮೇಲೆ ಬಿದ್ದರೆ ಸುಸ್ತು. ಅಪರೂಪಕ್ಕೆ ಹೃದಯದ ಸ್ನಾಯು. ಔಷಧ ನಿಲ್ಲಿಸಿ ತಿಂಗಳುಗಳಾದ ಮೇಲೂ ಇವು ಬರಬಹುದು. ಸಿದ್ದಾಪುರದ ಹಳ್ಳಿಯೊಂದರಲ್ಲಿ ಹೀಗಾದಾಗ ಓಡುವುದು ಪರಿಚಯದ ಡಾಕ್ಟರ ಬಳಿಗೆ. ಅವರಿಗೆ ಈ ಔಷಧದ ಸುದ್ದಿಯೇ ಗೊತ್ತಿಲ್ಲದಿದ್ದರೆ ಮಾಮೂಲು ಭೇದಿ ಎಂದು ಮಾತ್ರೆ ಕೊಡುತ್ತಾರೆ. ಇಂಥ ಭೇದಿಗೆ ಬೇಕಾದದ್ದು ಹೊತ್ತಿಗೆ ಸರಿಯಾಗಿ, ಸರಿಯಾದ ಪ್ರಮಾಣದ ಸ್ಟಿರಾಯ್ಡ್. ದಿನ ತಡವಾದಷ್ಟೂ ಅಪಾಯ. ಜ್ವರ ಬಂದರಂತೂ ನಮ್ಮ ಕಡೆ ಇನ್ನೊಂದು ಗೋಜಲು. ಬೇಸಿಗೆಯಲ್ಲಿ ಸಿದ್ದಾಪುರದ ಕಾಡಂಚಿನಲ್ಲಿ ಜ್ವರ ಎಂದರೆ ಮಂಗನ ಕಾಯಿಲೆಯ ಗುಮಾನಿ ಮೊದಲು. ಹುಬ್ಬಳ್ಳಿ, ಬೆಂಗಳೂರಿನ ಕ್ಯಾನ್ಸರ್ ಡಾಕ್ಟರಿಗೆ ಅದು ತಟ್ಟನೆ ಹೊಳೆಯದೆ ಹೋಗಬಹುದು. ಊರಿನ ಡಾಕ್ಟರಿಗೆ ಇಮ್ಯುನೊಥೆರಪಿಯ ವಿಷಯ, ಕ್ಯಾನ್ಸರ್ ಡಾಕ್ಟರಿಗೆ ಮಂಗನ ಕಾಯಿಲೆಯ ವಿಷಯ, ಎರಡನ್ನೂ ಹೇಳಬೇಕಾದವರು ರೋಗಿಯ ಮನೆಯವರು. ಪ್ರಯೋಗದ ಔಷಧದ ಹೆಸರು, ತುರ್ತು ನಂಬರು ಇರುವ ಚೀಟಿ ರೋಗಿಯ ಜೇಬಿನಲ್ಲಿ ಸದಾ ಇರಲಿ.

ಸೇರುವಾಗ ಮುಚ್ಚಿಡಬಾರದ ಸಂಗತಿಗಳೂ ಇವೆ. ಹಿಂದೆ ಕ್ಷಯ ಆಗಿತ್ತೇ, ಸಂಧಿವಾತದಂಥ ರೋಗನಿರೋಧಕ ಶಕ್ತಿಯ ಕಾಯಿಲೆಗಳಿವೆಯೇ, ದಮ್ಮಿಗೋ ಕೀಲುನೋವಿಗೋ ಸ್ಟಿರಾಯ್ಡ್ ನಡೆಯುತ್ತಿದೆಯೇ ಎಂಬುದನ್ನು ಹೇಳಿ. ನಾಟಿ ಔಷಧದ ವಿಷಯವನ್ನೂ ಹೇಳಿ. ಸಾಗರ ತಾಲೂಕಿನ ನರಸೀಪುರದ ಚಕ್ಕೆ ಕಷಾಯ ಕುಡಿದವರು ನಮ್ಮ ಸೀಮೆಯಲ್ಲಿ ಎಷ್ಟೋ ಜನ. ಬೈಯುತ್ತಾರೆಂದು ಕ್ಯಾನ್ಸರ್ ಡಾಕ್ಟರಿಗೆ ಹೇಳುವುದಿಲ್ಲ. ನಾಳೆ ಯಕೃತ್ತಿನ ವರದಿ ಏರುಪೇರಾದರೆ ಅದು ಹೊಸ ಔಷಧದಿಂದಲೋ, ಕಷಾಯದಿಂದಲೋ ಎಂದು ಗೊತ್ತಾಗದೆ ಚಿಕಿತ್ಸೆಯೇ ನಿಲ್ಲಬಹುದು. ಪ್ರಯೋಗದ ಅರ್ಹತೆಯ ಪಟ್ಟಿ ಬಿಗಿಯಾಗಿರುತ್ತದೆ, ತೀರಾ ನಿತ್ರಾಣರಾದವರನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ತಿರಸ್ಕೃತರಾದರೆ ಅವಮಾನವೂ ಅಲ್ಲ, ಕೈಬಿಟ್ಟಂತೆಯೂ ಅಲ್ಲ. ಮಾಮೂಲು ಚಿಕಿತ್ಸೆ ಇದ್ದೇ ಇರುತ್ತದೆ.

ಹಾಗಿದ್ದರೆ ಇಷ್ಟೆಲ್ಲ ತಲೆಬಿಸಿ ಮಾಡಿಕೊಂಡು ಯಾಕೆ ಸೇರಬೇಕು? ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ ಇದಕ್ಕೊಂದು ಉತ್ತರ ಕೊಟ್ಟಿದೆ. ಇಮ್ಯುನೊಥೆರಪಿಯ ಪೂರ್ತಿ ಡೋಸು ನಮ್ಮ ದೇಶದ ಹೆಚ್ಚಿನ ರೋಗಿಗಳ ಕೈಗೆ ಎಟುಕುವುದಿಲ್ಲ. ಅಲ್ಲಿನ ವೈದ್ಯರು ಗುಣವಾಗುವ ಹಂತ ದಾಟಿದ ತಲೆ-ಕುತ್ತಿಗೆ ಕ್ಯಾನ್ಸರಿನ 151 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಅಗ್ಗದ ಮಾತ್ರೆಗಳ ಕೀಮೊ, ಇನ್ನೊಂದಕ್ಕೆ ಅದರ ಜೊತೆ ಮೂರು ವಾರಕ್ಕೊಮ್ಮೆ 20 ಮಿಲಿಗ್ರಾಂ ನಿವೊಲುಮ್ಯಾಬ್ ಕೊಟ್ಟರು. ಮಾಮೂಲು ಡೋಸು 240 ಮಿಲಿಗ್ರಾಂ, ಅಂದರೆ ಹನ್ನೆರಡರಲ್ಲಿ ಒಂದು ಪಾಲು. ವರ್ಷ ದಾಟಿ ಬದುಕಿದವರು ಮೊದಲ ಗುಂಪಿನಲ್ಲಿ ಶೇಕಡಾ 16.3, ಎರಡನೆಯದರಲ್ಲಿ 43.4. ಔಷಧ ಕಂಪನಿಗಳು ಕಡಿಮೆ ಡೋಸಿನ ಪ್ರಶ್ನೆಯನ್ನು ತಾವಾಗಿ ಕೇಳುವುದಿಲ್ಲ, ಕೇಳಿದರೆ ಅವಕ್ಕೇ ನಷ್ಟ. ನಮ್ಮವರು ಕೇಳಿದರು, 151 ಜನ ಸಹಿ ಹಾಕಿದ್ದರಿಂದ ಉತ್ತರ ಸಿಕ್ಕಿತು. ಅದು ಬಾಯಿ, ಗಂಟಲಿನ ಕ್ಯಾನ್ಸರಿನ ಲೆಕ್ಕ; ಅನ್ನನಾಳಕ್ಕೂ ಹೀಗೆಯೇ ಎಂದು ಹೇಳಲು ಅನ್ನನಾಳದ ರೋಗಿಗಳ ಮೇಲೆಯೇ ಪ್ರಯೋಗವಾಗಬೇಕು. ನನ್ನ ಅಭಿಪ್ರಾಯ ಕೇಳಿದರೆ, ಗುಣವಾಗುವ ದಾರಿ ಮುಚ್ಚಿ, ಓಡಾಡುವ ಶಕ್ತಿ ಇರುವವರು ಇಂಥ ಪ್ರಶ್ನೆ ಕೇಳುವ ಪ್ರಯೋಗ ಸಿಕ್ಕರೆ ಸೇರುವುದು ಒಳ್ಳೆಯದು. ಮನೆಯಿಂದ ನಾನೂರು ಕಿಲೊಮೀಟರ್ ದೂರದಲ್ಲಿ, ಜೊತೆಗೆ ಬರುವವರಿಲ್ಲದೆ, ತೋಟ ಅಡವಿಟ್ಟು ಓಡಾಡಿ ಸೇರುವುದಾದರೆ ಬೇಡ. ಉಳಿದ ದಿನಗಳು ಬಸ್‌ಸ್ಟ್ಯಾಂಡಿನಲ್ಲಿ ಕಳೆದುಹೋಗಬಾರದು.

ಪತ್ರದಲ್ಲಿ ‘ಸಿಟಿಆರ್‌ಐ’ ಎಂದು ಶುರುವಾಗುವ, ವರ್ಷ ಮತ್ತು ತಿಂಗಳ ಅಂಕಿಯಿರುವ ಒಂದು ನೋಂದಣಿ ಸಂಖ್ಯೆ ಇದೆಯೇ ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಈ ಸಾರ್ವಜನಿಕ ದಾಖಲೆಯಲ್ಲಿ 2009ರಿಂದ ಪ್ರಯೋಗಗಳ ನೋಂದಣಿ ಕಡ್ಡಾಯ. ಕಾಲೇಜಿಗೆ ಹೋಗುವ ಮೊಮ್ಮಗಳ ಮೊಬೈಲಿನಲ್ಲಿ ಆ ಸಂಖ್ಯೆ ಹಾಕಿದರೆ ಪ್ರಯೋಗ ಯಾರು ನಡೆಸುತ್ತಿದ್ದಾರೆ, ದುಡ್ಡು ಯಾರದು, ಯಾವ ಆಸ್ಪತ್ರೆಗಳಲ್ಲಿ, ಹೋಲಿಕೆ ಯಾವುದರ ಜೊತೆ ಎಲ್ಲ ಸಿಗುತ್ತದೆ. ಸಂಖ್ಯೆ ಇಲ್ಲದ ‘ಪ್ರಯೋಗ’ಕ್ಕೆ, ಔಷಧಕ್ಕೆ ದುಡ್ಡು ಕೇಳುವ ‘ಪ್ರಯೋಗ’ಕ್ಕೆ ಸಹಿ ಹಾಕಬೇಡಿ. ಸಂಖ್ಯೆ ಇದ್ದರೂ ಅವಸರ ಬೇಡ. ಕಟ್ಟನ್ನು ಒಯ್ದು ನಿಮ್ಮ ಊರಿನ ಡಾಕ್ಟರಿಗೆ ತೋರಿಸಿ, ರೋಗಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಕೇಳಿ. ಸೇರಿದ ಮೇಲೆ ಬೇಡವೆನಿಸಿದರೆ ಯಾವ ದಿನ ಬೇಕಾದರೂ ಹೊರಬರಬಹುದು, ಕಾರಣ ಹೇಳಬೇಕಾಗಿಲ್ಲ, ಹಾಗೆ ಬಂದವರಿಗೆ ಮಾಮೂಲು ಚಿಕಿತ್ಸೆಯನ್ನು ಆಸ್ಪತ್ರೆ ನಿರಾಕರಿಸುವಂತಿಲ್ಲ.